ಬಿಳಿ ರಕ್ತಕಣದ ಇಂಜೆಕ್ಷನ್ನು ಮತ್ತು ಹತ್ತನೇ ದಿನದ ಜ್ವರ

ಕೀಮೋಥೆರಪಿ ಮುಗಿಸಿ ಆಸ್ಪತ್ರೆಯಿಂದ ಹೊರಬರುವಾಗ ಕೈಗೆ ಒಂದು ಡಿಸ್ಚಾರ್ಜ್ ಪೇಪರ್ ಕೊಡುತ್ತಾರೆ. ಅದರಲ್ಲಿ ವಾಂತಿಯ ಮಾತ್ರೆ, ಅಸಿಡಿಟಿಯ ಮಾತ್ರೆಗಳ ಕೆಳಗೆ ಎಷ್ಟೋ ಸಲ ಕೊನೆಯ ಸಾಲಾಗಿ ಒಂದು ಇಂಜೆಕ್ಷನ್ ಬರೆದಿರುತ್ತದೆ. ಕೆಲವರಿಗೆ ಫಿಲ್‌ಗ್ರಾಸ್ಟಿಮ್ 300 ಮೈಕ್ರೋಗ್ರಾಂ, ದಿನಕ್ಕೊಂದರಂತೆ ಹಲವು ದಿನ. ಕೆಲವರಿಗೆ ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿಲಿಗ್ರಾಂ, ಒಂದೇ ಸಲ. ಪಕ್ಕದಲ್ಲಿ ‘24 ಗಂಟೆಯ ನಂತರ’ ಎಂಬ ಸೂಚನೆ. ಇಡೀ ಕಾಗದದಲ್ಲಿ ಅತಿ ದುಬಾರಿಯಾದ ಸಾಲು ಬಹುಶಃ ಇದೇ. ಅತಿ ಕಡಿಮೆ ವಿವರಿಸಲ್ಪಡುವ ಸಾಲೂ ಇದೇ. ‘ಬಿಳಿ ರಕ್ತಕಣ ಹೆಚ್ಚಾಗಲು’ ಎಂದಷ್ಟೇ ಹೇಳಿ ನರ್ಸ್ ಮುಂದಿನ ರೋಗಿಯ ಹೆಸರು ಕೂಗುತ್ತಾರೆ.

ಮುಂಬಯಿಯಲ್ಲಿರುವ ನಮಗೆ ಈ ಸಾಲು ಅಪರಿಚಿತವಲ್ಲ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಶುರುವಾದದ್ದು. ಕಲಬುರಗಿ, ಬೀದರ, ವಿಜಯಪುರ, ಬೆಳಗಾವಿ ಕಡೆಯವರಿಗೆ ‘ಬೊಂಬಾಯಿಗೆ ಒಯ್ಯಬೇಕು’ ಎಂದರೆ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಊರಿನಿಂದ ಅಂಥದೊಂದು ಫೋನ್ ಬಾರದ ಕನ್ನಡದ ಮನೆ ಈ ನಗರದಲ್ಲಿ ಅಪರೂಪ. ನಾವು ಸ್ಟೇಷನ್ನಿಗೆ ಹೋಗುತ್ತೇವೆ, ಹಾಸಿಗೆ ಹಾಸಿಕೊಡುತ್ತೇವೆ, ಫೈಲು ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ, ಹಿಂದಿ-ಮರಾಠಿಯಿಂದ ಕನ್ನಡಕ್ಕೆ ಹೇಳಿಕೊಡುತ್ತೇವೆ. ಆ ಕೊನೆಯ ಸಾಲನ್ನು ಸರಿಯಾಗಿ ಹೇಳಿಕೊಡುವುದೂ ಈ ಕೆಲಸದ ಒಂದು ಭಾಗ ಎಂದು ನನಗೆ ತಿಳಿದದ್ದು ನಮ್ಮ ಚಿಗವ್ವನಿಗೆ ಕೀಮೋ ನಡೆದ ತಿಂಗಳುಗಳಲ್ಲಿ. ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಕೆಲಸದವನು. ಆಗ ವೈದ್ಯರನ್ನು ಕೇಳಿ, ಔಷಧದ ಜೊತೆ ಬರುವ ಹಾಳೆಗಳನ್ನು ಓದಿ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ರೋಗಿಯ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆಯ ಮಾತು.

ಹತ್ತನೇ ದಿನ

ಚಿಗವ್ವ ಆಳಂದ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 58. ಸ್ತನ ಕ್ಯಾನ್ಸರು. ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ ಎಂದು ನಿರ್ಧಾರವಾಯಿತು. ಮೊದಲ ಕೀಮೋ ಆರಾಮಾಗಿ ಆಯಿತು. ಎರಡು ದಿನ ವಾಕರಿಕೆ, ಆಮೇಲೆ ಊಟ ಸೇರಿತು. ಆ ಸಲ ಡಾಕ್ಟರು ಬಿಳಿ ರಕ್ತಕಣದ ಇಂಜೆಕ್ಷನ್ ಬರೆದಿರಲಿಲ್ಲ. ಮೊದಲು ದೇಹ ಹೇಗೆ ತಡೆಯುತ್ತದೆ ನೋಡೋಣ ಎಂದಿದ್ದರು. ಐದನೇ ದಿನ ಕಾಕಾ ಅವಳನ್ನು ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿಕೊಂಡು ಊರಿಗೆ ಕರೆದೊಯ್ದರು. ಹೊಲ, ಎಮ್ಮೆ, ಮೊಮ್ಮಕ್ಕಳು ಎಲ್ಲ ಅಲ್ಲೇ ಇರುವಾಗ ಮುಂಬಯಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಹದಿನಾರು ದಿನ ಕೂರಿಸುವುದು ಅವರಿಗೆ ಕಷ್ಟ.

ಹತ್ತನೇ ದಿನ ಸಂಜೆ ಚಳಿ ಹತ್ತಿ ಜ್ವರ ಬಂತು. ಊರಿನ ಡಾಕ್ಟರು ನೋಡಿ ‘ಹವಾ ಬದಲಾಗಿದೆ, ಎಲ್ಲರಿಗೂ ಬರುತ್ತಿದೆ’ ಎಂದು ಒಂದು ಸೂಜಿ ಚುಚ್ಚಿ, ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಜ್ವರ ಇಳಿಯಿತು. ರಾತ್ರಿ ಮತ್ತೆ ಏರಿತು. ಕಾಕಾ ನನಗೆ ಫೋನ್ ಮಾಡಿದಾಗ ಹನ್ನೊಂದು ಗಂಟೆ. ‘ಗಂಟಲಾಗ ಬ್ಯಾನಿ ಇಲ್ಲ, ಕೆಮ್ಮಿಲ್ಲ, ಗಾಯ ಸುದ್ದಾ ಛಂದ್ ಅದ. ಬರೇ ಜ್ವರ ಅದ, ಮುಂಜಾನಿ ನೋಡೋಣಂತ’ ಎಂದರು. ಫೈಲಿನ ಮೇಲೆ ಆಸ್ಪತ್ರೆಯವರು ಅಂಟಿಸಿದ್ದ ಎಮರ್ಜೆನ್ಸಿ ನಂಬರಿಗೆ ನಾನು ಫೋನ್ ಹಚ್ಚಿದೆ. ಆ ಕಡೆಯ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ: ಕೀಮೋ ಆಗಿ ಎಷ್ಟು ದಿನ, ಜ್ವರ ಎಷ್ಟು? ಹತ್ತು ದಿನ, 101ರ ಮೇಲೆ ಎಂದೆ. ‘ಮುಂಬಯಿಗೆ ತರಬೇಡಿ, ಬೆಳಗಿನವರೆಗೆ ಕಾಯಲೂಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಈಗಲೇ ಒಯ್ಯಿರಿ. ಕೀಮೋ ರೋಗಿ ಎಂದು ಬಾಗಿಲಲ್ಲೇ ಹೇಳಿ’ ಎಂದರು.

ಪಕ್ಕದ ಮನೆಯವರ ಗಾಡಿಯಲ್ಲಿ ಕಲಬುರಗಿಗೆ ಒಯ್ದರು. ರಕ್ತ ಪರೀಕ್ಷೆಯಲ್ಲಿ ಒಟ್ಟು ಬಿಳಿ ರಕ್ತಕಣ 900. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 4,000ದಿಂದ 11,000. ಆ 900ರಲ್ಲಿ ನ್ಯೂಟ್ರೋಫಿಲ್ ಶೇಕಡಾ 20. ಅಂದರೆ ಸೋಂಕಿನ ವಿರುದ್ಧ ಮೊದಲು ಓಡಿಬರುವ ಕಣಗಳು ಬರೀ 180. ಸಲೈನ್ ಮೂಲಕ ಆ್ಯಂಟಿಬಯೋಟಿಕ್ ಅಲ್ಲಿಯೇ ಶುರುವಾಯಿತು. ಆರು ದಿನ ಆಸ್ಪತ್ರೆಯಲ್ಲಿದ್ದು ಹೊರಬಂದಳು. ಎರಡನೇ ಕೀಮೋ ಒಂದು ವಾರ ಮುಂದೆ ಹೋಯಿತು. ಎರಡನೇ ಸಲದಿಂದ ಡಿಸ್ಚಾರ್ಜ್ ಪೇಪರಿನಲ್ಲಿ ಆ ಕೊನೆಯ ಸಾಲು ಸೇರಿಕೊಂಡಿತು.

‘ಬರೇ ಜ್ವರ’ ಏಕೆ ದೊಡ್ಡದು

ಕಾಕಾ ಹೇಳಿದ ಮಾತಿನಲ್ಲಿ ಎಲ್ಲರೂ ಮೋಸಹೋಗುವ ಒಂದು ಅಂಶವಿದೆ. ಗಂಟಲು ಕೆಂಪಾಗಿಲ್ಲ, ಗಾಯದಲ್ಲಿ ಕೀವಿಲ್ಲ, ಆದ್ದರಿಂದ ಸೋಂಕಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಕೀವು ಎಂದರೇನು? ಸೂಕ್ಷ್ಮಾಣುಗಳ ಜೊತೆ ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ ಅದರಲ್ಲಿ ಹೆಚ್ಚು. ನ್ಯೂಟ್ರೋಫಿಲ್ಲೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು? ಬಾವು, ಕೆಂಪು, ಕಫ, ಇವೆಲ್ಲ ದೇಹ ಕಾದಾಡುತ್ತಿರುವುದರ ಗುರುತು. ಕಾದಾಡುವವರೇ ಇಲ್ಲದಾಗ ಹೊರಗೆ ಕಾಣುವ ಗುರುತು ಜ್ವರವೊಂದೇ. ಎಷ್ಟೋ ಸಲ ವಯಸ್ಸಾದವರಲ್ಲಿ, ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಅದೂ ಕಾಣುವುದಿಲ್ಲ. ಬರೀ ಚಳಿ, ನಡುಕ, ವಿಪರೀತ ಸುಸ್ತು, ಏದುಸಿರು ಇರಬಹುದು.

ಇನ್ನೊಂದು ಮಾತು. ಈ ದಿನಗಳಲ್ಲಿ ಕಾಡುವ ಸೂಕ್ಷ್ಮಾಣುಗಳು ಬಹಳ ಸಲ ಹೊರಗಿನಿಂದ ಬಂದವಲ್ಲ. ನಮ್ಮದೇ ಬಾಯಿ, ಕರುಳು, ಚರ್ಮದ ಮೇಲೆ ಮೊದಲಿನಿಂದ ಬದುಕಿರುವವು. ಕೀಮೋದಿಂದ ಬಾಯಿಯ, ಕರುಳಿನ ಒಳಪದರ ತೆಳುವಾಗುತ್ತದೆ, ಹುಣ್ಣಾಗುತ್ತದೆ. ಅಲ್ಲಿಂದ ಅವು ರಕ್ತಕ್ಕೆ ಇಳಿಯುತ್ತವೆ. ‘ಮಾಸ್ಕ್ ಹಾಕಿದ್ದೆವು, ಯಾರನ್ನೂ ಒಳಗೆ ಬಿಡಲಿಲ್ಲ, ಆದರೂ ಹೇಗೆ ಬಂತು’ ಎಂದು ಮನೆಯವರು ತಮ್ಮನ್ನು ತಾವೇ ಬೈದುಕೊಳ್ಳುವ ಅಗತ್ಯವಿಲ್ಲ. ರಕ್ತಕ್ಕೆ ಇಳಿದ ಸೋಂಕು ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ. ಅದಕ್ಕೇ ಇಂಥ ರೋಗಿ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕೆಂಬ ನಿಯಮ ವೈದ್ಯರಲ್ಲಿದೆ. ರಕ್ತ ಪರೀಕ್ಷೆಯ ಪೂರ್ತಿ ವರದಿಗಾಗಿಯೂ ಕಾಯುವುದಿಲ್ಲ.

ಗಿರಣಿ ನಿಂತರೂ ರೊಟ್ಟಿ ಇರುತ್ತದೆ

ಕೀಮೋ ಆದ ಮೊದಲ ನಾಲ್ಕೈದು ದಿನ ಚಿಗವ್ವ ಚೆನ್ನಾಗಿದ್ದು, ಹತ್ತನೇ ದಿನ ಏಕೆ ಬಿದ್ದಳು? ಕೀಮೋ ಔಷಧ ವೇಗವಾಗಿ ವಿಭಜನೆಯಾಗುವ ಕಣಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕಣಗಳು ಹಾಗೆ ಬೆಳೆಯುವಂಥವು. ಕೂದಲಿನ ಬೇರು, ಬಾಯಿಯ ಪದರ, ಎಲುಬಿನೊಳಗಿನ ಮಜ್ಜೆ, ಇವೂ ಹಾಗೆಯೇ. ಆರೋಗ್ಯವಂತ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ರಕ್ತದಲ್ಲಿ ಅವುಗಳ ಆಯುಷ್ಯ ತೀರ ಕಡಿಮೆ, ಗಂಟೆಗಳ ಲೆಕ್ಕ. ಹಾಗಾಗಿ ತಯಾರಿಕೆ ನಿಲ್ಲುವಂತೆಯೇ ಇಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಖಡಕ್ ರೊಟ್ಟಿಯ ಬುಟ್ಟಿ ಇರುತ್ತದಲ್ಲ, ಹಾಗೆ ಮಜ್ಜೆಯಲ್ಲೂ ತಯಾರಾದ ಕಣಗಳ ಒಂದು ಸಂಗ್ರಹವಿರುತ್ತದೆ. ಹಿಟ್ಟಿನ ಗಿರಣಿ ಬಂದ್ ಆದರೂ ಮೊದಲ ಕೆಲವು ದಿನ ಊಟಕ್ಕೆ ತೊಂದರೆಯಿಲ್ಲ. ಬುಟ್ಟಿ ಖಾಲಿಯಾದ ಮೇಲೆ ಗೊತ್ತಾಗುತ್ತದೆ. ಬಹಳಷ್ಟು ಕೀಮೋಗಳಲ್ಲಿ ಈ ಖಾಲಿ ದಿನಗಳು ಏಳರಿಂದ ಹದಿನಾಲ್ಕನೇ ದಿನದ ನಡುವೆ ಬರುತ್ತವೆ. ಆಮೇಲೆ ಮಜ್ಜೆ ಚೇತರಿಸಿಕೊಂಡು ಇಪ್ಪತ್ತೊಂದನೇ ದಿನದ ಹೊತ್ತಿಗೆ ಕೌಂಟ್ ಮೇಲೆ ಬರುತ್ತದೆ. ಮೂರು ವಾರಕ್ಕೊಂದು ಕೀಮೋ ಎಂಬ ಲೆಕ್ಕಕ್ಕೆ ಇದೊಂದು ಮುಖ್ಯ ಕಾರಣ. ಅಂದರೆ ಊರಿಗೆ ಹೋದ ರೋಗಿ ‘ಈಗ ಆರಾಮಾಗಿದ್ದೇನೆ’ ಎಂದು ಮದುವೆಗೋ ಜಾತ್ರೆಗೋ ಹೊರಡುವ ವಾರವೇ ಅತಿ ಅಪಾಯದ ವಾರ.

ಇಲ್ಲಿ ಎಲ್ಲರೂ ಕಲಿಯಬೇಕಾದ ಒಂದು ಲೆಕ್ಕವಿದೆ. ವರದಿಯಲ್ಲಿ ಒಟ್ಟು ಬಿಳಿ ರಕ್ತಕಣದ ಸಂಖ್ಯೆಯನ್ನು ನ್ಯೂಟ್ರೋಫಿಲ್‌ನ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಅದಕ್ಕೆ ಎಎನ್‌ಸಿ ಎನ್ನುತ್ತಾರೆ. 1,500ಕ್ಕಿಂತ ಕಡಿಮೆಯಾದರೆ ನ್ಯೂಟ್ರೋಫಿಲ್ ಕೊರತೆ. 500ಕ್ಕಿಂತ ಕೆಳಗಿಳಿದರೆ ತೀವ್ರ ಕೊರತೆ. ಒಟ್ಟು ಸಂಖ್ಯೆ 3,000 ಇದ್ದು ನ್ಯೂಟ್ರೋಫಿಲ್ ಶೇಕಡಾ 15 ಇದ್ದರೆ ಎಎನ್‌ಸಿ 450. ‘ಮೂರು ಸಾವಿರ ಇದೆಯಲ್ಲ, ಅಷ್ಟೇನೂ ಕಡಿಮೆ ಇಲ್ಲ’ ಎಂಬ ಸಮಾಧಾನ ಅಲ್ಲಿ ಸುಳ್ಳು.

ಇಂಜೆಕ್ಷನ್ ಮಾಡುವ ಕೆಲಸ

ಮಜ್ಜೆಗೆ ‘ನ್ಯೂಟ್ರೋಫಿಲ್ ಬೇಗ ತಯಾರಿಸು’ ಎಂದು ಹೇಳುವ ಒಂದು ಪ್ರೋಟೀನು ನಮ್ಮ ದೇಹದಲ್ಲೇ ಇದೆ. ಹೆಸರು ಜಿ-ಸಿಎಸ್‌ಎಫ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಯಲ್ಲಿ ಡೊನಾಲ್ಡ್ ಮೆಟ್‌ಕಾಫ್ ಎಂಬ ವಿಜ್ಞಾನಿ 1960ರ ದಶಕದಿಂದ ಇಂಥ ಪ್ರೋಟೀನುಗಳ ಬೆನ್ನು ಹತ್ತಿದರು. ಗಾಜಿನ ತಟ್ಟೆಗಳಲ್ಲಿ ಮಜ್ಜೆಯ ಕಣಗಳನ್ನು ಬೆಳೆಸುತ್ತ, ಯಾವ ವಸ್ತು ಸೇರಿದರೆ ಅವು ಗುಂಪುಗುಂಪಾಗಿ ಬೆಳೆಯುತ್ತವೆ ಎಂದು ಎಣಿಸುವುದು ಅವರ ಕೆಲಸ. ಇಲಿಯ ಜಿ-ಸಿಎಸ್‌ಎಫ್ ಅವರ ತಂಡಕ್ಕೆ ಶುದ್ಧರೂಪದಲ್ಲಿ ಸಿಕ್ಕಿದ್ದು 1983ರಲ್ಲಿ. ಮನುಷ್ಯರದ್ದನ್ನು ನ್ಯೂಯಾರ್ಕಿನಲ್ಲಿ ಕಾರ್ಲ್ ವೆಲ್ಟೆ ಮತ್ತು ಸಂಗಡಿಗರು 1985ರಲ್ಲಿ ಬೇರ್ಪಡಿಸಿದರು. ಮರುವರ್ಷವೇ ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಪ್ರಯೋಗಾಲಯದಲ್ಲಿ ತಯಾರಿಸುವ ದಾರಿ ತೆರೆಯಿತು. 1991ರಲ್ಲಿ ಅಮೆರಿಕದಲ್ಲಿ ಆಮ್ಜೆನ್ ಕಂಪನಿಯ ಫಿಲ್‌ಗ್ರಾಸ್ಟಿಮ್‌ಗೆ ಅನುಮತಿ ಸಿಕ್ಕಿತು. ಜೀವಮಾನವನ್ನು ಈ ಕೆಲಸಕ್ಕೆ ಕೊಟ್ಟ ಮೆಟ್‌ಕಾಫ್ 2014ರಲ್ಲಿ ತೀರಿಕೊಂಡದ್ದು ಕ್ಯಾನ್ಸರಿನಿಂದಲೇ.

ಫಿಲ್‌ಗ್ರಾಸ್ಟಿಮ್ ಮೂತ್ರಪಿಂಡದ ಮೂಲಕ ಬೇಗ ಹೊರಹೋಗುತ್ತದೆ. ಅದಕ್ಕೇ ದಿನವೂ ಚುಚ್ಚಬೇಕು. ಸಾಮಾನ್ಯ ಪ್ರಮಾಣ ದೇಹದ ತೂಕದ ಕಿಲೋಗೆ 5 ಮೈಕ್ರೋಗ್ರಾಂ. 60 ಕಿಲೋ ಇರುವವರಿಗೆ 300. 2002ರಲ್ಲಿ ಬಂದ ಪೆಗ್‌ಫಿಲ್‌ಗ್ರಾಸ್ಟಿಮ್‌ನಲ್ಲಿ ಅದೇ ಪ್ರೋಟೀನಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಉದ್ದ ಸರಪಳಿಯನ್ನು ಅಂಟಿಸಿದ್ದಾರೆ. ‘ಪೆಗ್’ ಎಂದರೆ ಅದೇ. ಆಗ ಅದು ಮೂತ್ರಪಿಂಡ ಸೋಸಲಾರದಷ್ಟು ದೊಡ್ಡದಾಗಿ ರಕ್ತದಲ್ಲೇ ಉಳಿಯುತ್ತದೆ. ಮತ್ತೆ ಹೊರಹೋಗುವುದು ಹೇಗೆ? ನ್ಯೂಟ್ರೋಫಿಲ್‌ಗಳೇ ಅದನ್ನು ಹೀರಿಕೊಳ್ಳುತ್ತವೆ. ಕೌಂಟ್ ಕಡಿಮೆ ಇರುವವರೆಗೆ ಔಷಧ ಇರುತ್ತದೆ, ಕೌಂಟ್ ಏರಿದಂತೆ ತಾನೇ ಖಾಲಿಯಾಗುತ್ತದೆ. ಇಷ್ಟು ಸರಳವಾದ, ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ವ್ಯವಸ್ಥೆಯನ್ನು ನನ್ನ ಹದಿನೈದು ವರ್ಷದ ಪ್ರೋಗ್ರಾಮಿಂಗ್‌ನಲ್ಲಿ ನಾನು ಹೆಚ್ಚು ಕಂಡಿಲ್ಲ.

ಇದು ಎಲ್ಲರಿಗೂ ಬೇಕೆಂದಿಲ್ಲ. ಯಾವ ಕೀಮೋದಲ್ಲಿ ಕೌಂಟ್ ಇಳಿದು ಜ್ವರ ಬರುವ ಸಂಭವ ಶೇಕಡಾ 20ಕ್ಕಿಂತ ಹೆಚ್ಚೋ ಅಲ್ಲಿ ಮೊದಲ ಸಲದಿಂದಲೇ ಕೊಡುತ್ತಾರೆ. 10ರಿಂದ 20ರ ನಡುವೆ ಇದ್ದರೆ ವಯಸ್ಸು, ಬೇರೆ ಕಾಯಿಲೆ ನೋಡಿ ನಿರ್ಧರಿಸುತ್ತಾರೆ. ಒಮ್ಮೆ ಜ್ವರ ಬಂದವರಿಗೆ ಮುಂದಿನ ಸಲದಿಂದ ಕೊಡುವುದು ಸಾಮಾನ್ಯ, ನಮ್ಮ ಚಿಗವ್ವನಿಗೆ ಆದಂತೆ. ಮೂರು ವಾರದ ಬದಲು ಎರಡು ವಾರಕ್ಕೊಮ್ಮೆ ಕೀಮೋ ಕೊಡುವ ಪದ್ಧತಿಯಂತೂ ಈ ಇಂಜೆಕ್ಷನ್ನಿನ ಬಲದ ಮೇಲೆಯೇ ನಿಂತಿದೆ. ಪಕ್ಕದ ಬೆಡ್ಡಿನವರಿಗೆ ಕೊಟ್ಟರು, ನಮಗೆ ಕೊಡಲಿಲ್ಲ ಎಂದು ಹೆದರುವ ಮೊದಲು ಡಾಕ್ಟರನ್ನು ಕೇಳಿ, ಕಾರಣ ಇರುತ್ತದೆ.

ಆ 24 ಗಂಟೆ

ಎರಡನೇ ಕೀಮೋ ದಿನ ಸಂಜೆಯೇ ಮನೆ ಹತ್ತಿರದ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಪೆಗ್ ಹಾಕಿಸುತ್ತೀರಾ ಎಂದು ವಿಚಾರಿಸಿದಾಗ, ಅಲ್ಲಿಯವರು ‘ಈಗಲೇ ಹಾಕಿಬಿಡೋಣ, ನಾಳೆ ಯಾಕೆ ಮತ್ತೆ ಓಡಾಟ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಔಷಧದ ಹಾಳೆ ಸ್ಪಷ್ಟವಾಗಿ ಹೇಳುತ್ತದೆ: ಕೀಮೋ ಮುಗಿದ 24 ಗಂಟೆಯೊಳಗೆ ಕೊಡಬಾರದು. ಕಾರಣ ಹಿಂದೆ ಹೇಳಿದ್ದೇ. ಈ ಇಂಜೆಕ್ಷನ್ ಮಜ್ಜೆಯ ಕಣಗಳನ್ನು ವೇಗವಾಗಿ ವಿಭಜನೆಗೆ ಹಚ್ಚುತ್ತದೆ. ಕೀಮೋ ಔಷಧ ಇನ್ನೂ ಮೈಯಲ್ಲಿರುವಾಗ ಹಾಗೆ ಮಾಡಿದರೆ ಹೊಸದಾಗಿ ಎದ್ದ ಕಣಗಳನ್ನೇ ಬೆಂಕಿಗೆ ಕೊಟ್ಟಂತೆ. ಇದೇ ಕಾರಣಕ್ಕೆ ಮುಂದಿನ ಕೀಮೋ 14 ದಿನದೊಳಗೆ ಇದ್ದರೆ ಪೆಗ್ ಕೊಡುವುದಿಲ್ಲ. ಪ್ರತಿ ವಾರ ಕೀಮೋ ಇರುವವರಿಗೆ ಪೆಗ್ ಏಕೆ ಬರೆಯುವುದಿಲ್ಲ ಎಂಬುದಕ್ಕೂ ಇದೇ ಉತ್ತರ.

ಹಾಗಾಗಿ ಊರಿನಿಂದ ಬಂದವರ ಟಿಕೆಟ್ಟನ್ನು ಕೀಮೋ ಮರುದಿನಕ್ಕೆ ಮಾಡಿಸಬೇಡಿ, ಅದರ ಮಾರನೆಯ ದಿನಕ್ಕೆ ಮಾಡಿಸಿ. ಇಂಜೆಕ್ಷನ್ ಇಲ್ಲೇ ಆಗಿ ಹೋಗುತ್ತದೆ. ದಿನವೂ ಚುಚ್ಚಬೇಕಾದ ಫಿಲ್‌ಗ್ರಾಸ್ಟಿಮ್ ಆದರೆ ಊರಿಗೆ ಒಯ್ಯಲೇಬೇಕು. ಆಗ ಚಳಿಯ ಪ್ರಶ್ನೆ ಬರುತ್ತದೆ. ಎರಡೂ ಔಷಧಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಫ್ರಿಡ್ಜಿನ ನಡುವಿನ ಅಂಕಣ ಒಳ್ಳೆಯದು. ಬಾಗಿಲಿನಲ್ಲಿ ಇಟ್ಟರೆ ಪ್ರತಿ ಸಲ ತೆರೆದಾಗ ಬಿಸಿಯಾಗುತ್ತದೆ. ಫ್ರೀಜರಿನಲ್ಲಂತೂ ಇಡಲೇಬಾರದು, ಪ್ರೋಟೀನು ಹೆಪ್ಪುಗಟ್ಟಿದರೆ ಕೆಡುತ್ತದೆ. ಥರ್ಮಾಸಿನಲ್ಲಿ ಒಯ್ಯುವಾಗಲೂ ಐಸು ನೇರವಾಗಿ ತಾಗದಂತೆ ಬಟ್ಟೆ ಸುತ್ತಿ. ಅಲುಗಾಡಿಸಬೇಡಿ, ಬಿಸಿಲಿಗೆ ಹಿಡಿಯಬೇಡಿ. ಚುಚ್ಚುವ ಅರ್ಧ ಗಂಟೆ ಮುಂಚೆ ಹೊರಗಿಟ್ಟರೆ ಉರಿ ಕಡಿಮೆ. ಅದು ಹೊಟ್ಟೆ, ತೊಡೆ ಅಥವಾ ತೋಳಿನ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್, ಮಾಂಸಖಂಡಕ್ಕಲ್ಲ. ಊರಿನ ಕಂಪೌಂಡರ್ ಅಭ್ಯಾಸಬಲದಿಂದ ಸೊಂಟಕ್ಕೆ ಚುಚ್ಚಲು ಹೋದರೆ ಹೇಳಿ.

ಎಲುಬಿನ ನೋವು, ಏರಿದ ಕೌಂಟು

ಇಂಜೆಕ್ಷನ್ ಆದ ಮೂರನೇ ದಿನ ಚಿಗವ್ವ ಫೋನಿನಲ್ಲಿ, ‘ತಮ್ಮಾ, ಬೆನ್ನಾಗ, ಟೊಂಕದಾಗ ಯಾರೋ ಬಡಗಿ ತೊಗೊಂಡು ಬಡದಂಗ ಆಗ್ಲಿಕತ್ತದ. ರೋಗ ಎಲುಬಿಗಿ ಇಳೀತೇನೋ’ ಎಂದಳು. ಕ್ಯಾನ್ಸರು ಎಲುಬಿಗೆ ಹಬ್ಬಿತೇ ಎಂಬುದು ಅವಳ ಭಯ. ಇದು ಔಷಧದ ಅತಿ ಸಾಮಾನ್ಯ ಪರಿಣಾಮ. ಟೊಂಕ, ಬೆನ್ನು, ಎದೆಯ ನಡುವಿನ ಎಲುಬು, ಹೀಗೆ ಮಜ್ಜೆ ಹೆಚ್ಚಾಗಿರುವ ಕಡೆಯೇ ನೋವು. ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ. ಅವಳಿಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಮೂರು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ನೋವಿಗೆ ಮಾತ್ರೆ ನುಂಗುವ ಮೊದಲು ಜ್ವರ ನೋಡಿಕೊಳ್ಳಬೇಕು. ಪ್ಯಾರಾಸಿಟಮಾಲ್ ನೋವನ್ನೂ ಇಳಿಸುತ್ತದೆ, ಜ್ವರವನ್ನೂ ಮುಚ್ಚಿಡುತ್ತದೆ. ಬೇರೆ ನೋವಿನ ಮಾತ್ರೆಗಳನ್ನು ಕೇಳದೆ ಕೊಡಬೇಡಿ; ಪ್ಲೇಟ್‌ಲೆಟ್ ಕಡಿಮೆ ಇರುವಾಗ ರಕ್ತಸ್ರಾವದ ಅಪಾಯ. ಎಡಗಡೆ ಪಕ್ಕೆಲುಬಿನ ಕೆಳಗೆ ಅಥವಾ ಎಡ ಭುಜದ ತುದಿಯಲ್ಲಿ ಜೋರು ನೋವು, ಉಸಿರಾಟದ ತೊಂದರೆ, ಮೈಯೆಲ್ಲ ದದ್ದು, ಇವು ಅಪರೂಪ. ಆದರೆ ಕಂಡರೆ ತಕ್ಷಣ ಆಸ್ಪತ್ರೆ.

ಇನ್ನೊಂದು ಗಾಬರಿ ವರದಿಯಿಂದ ಬರುತ್ತದೆ. ಇಂಜೆಕ್ಷನ್ ಮೇಲೆ ಕೌಂಟ್ 20 ಸಾವಿರ, 30 ಸಾವಿರ ಮುಟ್ಟುವುದುಂಟು. ಲ್ಯಾಬಿನವರು ಕೆಂಪು ಅಕ್ಷರದಲ್ಲಿ ಅಚ್ಚುಹಾಕುತ್ತಾರೆ, ಮನೆಯವರು ರಕ್ತದ ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಫಿಲ್‌ಗ್ರಾಸ್ಟಿಮ್ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ‘ಅಯ್ಯೋ ಮತ್ತೆ ಬಿತ್ತು’ ಎಂಬ ಭಯ. ಎರಡೂ ನಿರೀಕ್ಷಿತವೇ. ಇಲ್ಲಿ ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ: ಫಿಲ್‌ಗ್ರಾಸ್ಟಿಮ್ ಶುರುಮಾಡಿದ ಒಂದೆರಡು ದಿನಕ್ಕೇ ಕೌಂಟ್ ಏರಿದಂತೆ ಕಾಣಬಹುದು. ಅದು ಬುಟ್ಟಿಯಲ್ಲಿದ್ದ ಹಳೆಯ ರೊಟ್ಟಿ ಹೊರಬಂದದ್ದು, ಗಿರಣಿ ಶುರುವಾದದ್ದಲ್ಲ. ಖಾಲಿ ದಿನಗಳು ಇನ್ನೂ ಮುಂದಿರುತ್ತವೆ. ‘ಕೌಂಟ್ ಚೆನ್ನಾಗಿದೆ, ಉಳಿದ ಸೂಜಿ ಯಾಕೆ’ ಎಂದು ದುಡ್ಡು ಉಳಿಸಲು ನಿಲ್ಲಿಸುವುದು ಅಪಾಯ. ನಿಲ್ಲಿಸುವ ದಿನವನ್ನು ಡಾಕ್ಟರು ಹೇಳಬೇಕು. ಈ ಇಂಜೆಕ್ಷನ್ ಹಿಮೋಗ್ಲೋಬಿನ್ ಅನ್ನಾಗಲಿ ಪ್ಲೇಟ್‌ಲೆಟ್ ಅನ್ನಾಗಲಿ ಏರಿಸುವುದಿಲ್ಲ ಎಂಬುದೂ ತಿಳಿದಿರಲಿ.

ದುಡ್ಡಿನ ಮಾತು

ಈ ಔಷಧ ಮೊದಲು ಬಂದಾಗ ನಮ್ಮಂಥವರ ಕೈಗೆಟುಕುವಂತಿರಲಿಲ್ಲ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2001ರಲ್ಲಿ ಭಾರತದಲ್ಲೇ ಫಿಲ್‌ಗ್ರಾಸ್ಟಿಮ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಬೇರೆ ಕಂಪನಿಗಳೂ ಬಂದವು. 2018ರಲ್ಲಿ ಅಮೆರಿಕ ಮೊದಲ ಬಾರಿಗೆ ಪೆಗ್‌ಫಿಲ್‌ಗ್ರಾಸ್ಟಿಮ್‌ನ ಬಯೋಸಿಮಿಲರ್‌ಗೆ, ಅಂದರೆ ಮೂಲ ಔಷಧಕ್ಕೆ ಸರಿಸಮನಾದ ಇನ್ನೊಂದು ತಯಾರಿಕೆಗೆ, ಅನುಮತಿ ಕೊಟ್ಟಿತು. ಅದು ನಮ್ಮ ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳು ಸೇರಿ ರೂಪಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಫಿಲ್‌ಗ್ರಾಸ್ಟಿಮ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ‘ಲೋಕಲ್ ಮಾಲು ಕೆಲಸ ಮಾಡುತ್ತದೆಯೇ’ ಎಂದು ಕೇಳುವವರಿಗೆ ಇಷ್ಟು ಇತಿಹಾಸ ಸಾಕು.

ಆದರೂ ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಒಂದೇ ರಸ್ತೆಯ ಎರಡು ಮೆಡಿಕಲ್‌ಗಳಲ್ಲಿ 6 ಮಿಲಿಗ್ರಾಂ ಪೆಗ್‌ಗೆ ನಾವು ಕೇಳಿದ ಬೆಲೆಗಳ ವ್ಯತ್ಯಾಸದಲ್ಲಿ ಕಾಕಾ-ಚಿಗವ್ವನ ಹೋಗಿಬರುವ ರೈಲು ಟಿಕೆಟ್ ಬರುತ್ತಿತ್ತು. ಎಂಆರ್‌ಪಿ ನೋಡಿ ಕೈಚೆಲ್ಲಬೇಡಿ. ಆಸ್ಪತ್ರೆಯದೇ ಔಷಧಾಲಯದಲ್ಲಿ, ಸರಕಾರಿ ರಿಯಾಯಿತಿ ಅಂಗಡಿಯಲ್ಲಿ, ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ವಿಚಾರಿಸಿ. ಸರಕಾರಿ ಆರೋಗ್ಯ ಯೋಜನೆಯ ಕಾರ್ಡ್ ಇದ್ದರೆ ಇದು ಅದರೊಳಗೆ ಬರುತ್ತದೆಯೇ ಎಂದು ಕೀಮೋ ಶುರುವಾಗುವ ಮೊದಲೇ ಕೇಳಿ. ಪೆಗ್ ಕೈಗೆಟುಕದಿದ್ದರೆ ಸುಮ್ಮನಿರಬೇಡಿ, ಡಾಕ್ಟರಿಗೆ ಹೇಳಿ. ದಿನದ ಸೂಜಿ ಅಗ್ಗವಾಗಬಹುದು, ಅದೂ ಅದೇ ಕೆಲಸ ಮಾಡುತ್ತದೆ.

ಔಷಧದ ಬದಲು ಮನೆಮದ್ದು ಹೇಳುವವರೂ ಸಿಗುತ್ತಾರೆ. ಪಪ್ಪಾಯಿ ಎಲೆ ರಸ, ಗೋಧಿ ಹುಲ್ಲಿನ ರಸ, ಹೀಗೆ. ಚಿಗವ್ವನ ಡಾಕ್ಟರು ಹೇಳಿದ್ದು ಇಷ್ಟು: ಕೌಂಟ್ ಕಡಿಮೆ ಇರುವ ವಾರ ಹಸಿ ಎಲೆಯ ರಸ ಬೇಡ. ಬೇಯಿಸಿದ ಬಿಸಿ ಊಟ, ಕುದಿಸಿದ ನೀರು, ಸಿಪ್ಪೆ ಸುಲಿದ ಹಣ್ಣು ಸಾಕು. ಬೇಳೆ, ಮೊಟ್ಟೆ, ಮೊಳಕೆ ಬೇಯಿಸಿದ್ದು ದೇಹಕ್ಕೆ ಬಲ ಕೊಡುತ್ತವೆ. ಆದರೆ 180ರ ಎಎನ್‌ಸಿಯನ್ನು ಯಾವ ಊಟವೂ ಎರಡು ದಿನದಲ್ಲಿ ಮೇಲೆತ್ತುವುದಿಲ್ಲ.

ನೋಡಲು ಬರುವವರದ್ದು ಇನ್ನೊಂದು ಸಮಸ್ಯೆ. ನಮ್ಮಲ್ಲಿ ಕಾಯಿಲೆಯವರನ್ನು ನೋಡದಿದ್ದರೆ ಸಂಬಂಧವೇ ಮುರಿದಂತೆ. ಕಾಕಾ ಒಂದು ಉಪಾಯ ಕಂಡುಕೊಂಡರು. ಏಳರಿಂದ ಹದಿನಾಲ್ಕನೇ ದಿನದವರೆಗೆ ಬಂದವರನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಚಿಗವ್ವ ಒಳಗಿನ ಕಿಟಕಿಯಿಂದ ಮಾತಾಡಿದಳು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಜೇಬಿನಲ್ಲಿ ಒಂದು ಚೀಟಿ

ಇಂಜೆಕ್ಷನ್ ಶುರುವಾದ ಮೇಲೆ ಚಿಗವ್ವನಿಗೆ ಉಳಿದ ಕೀಮೋಗಳಲ್ಲಿ ಜ್ವರ ಬರಲಿಲ್ಲ, ದಿನಾಂಕವೂ ಮುಂದೆ ಹೋಗಲಿಲ್ಲ. ಕೀಮೋವನ್ನು ಸರಿಯಾದ ಪ್ರಮಾಣದಲ್ಲಿ, ಸರಿಯಾದ ದಿನಕ್ಕೆ ಕೊಡಲು ಸಾಧ್ಯವಾಗುವುದೂ ಈ ಔಷಧದ ಒಂದು ದೊಡ್ಡ ಉಪಕಾರ. ಆದರೆ ಇದು ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡವರಿಗೂ ಜ್ವರ ಬರಬಹುದು. ‘ಸೂಜಿ ಹಾಕಿಸಿದೆವಲ್ಲ’ ಎಂಬ ಧೈರ್ಯದಲ್ಲಿ ರಾತ್ರಿ ಕಳೆಯಬಾರದು. ಮುಂಬಯಿಯ ದೊಡ್ಡ ಡಾಕ್ಟರು ಕೊಟ್ಟ ಕೀಮೋದ ಪರಿಣಾಮ ಕಾಣುವುದು ಆಳಂದದ ಹಳ್ಳಿಯಲ್ಲಿ, ಹತ್ತು ದಿನದ ಮೇಲೆ. ಈ ಎರಡು ಊರುಗಳ ನಡುವೆ ಸುದ್ದಿ ಸಾಗಿಸುವವರು ನಾವೇ.

ಅದಕ್ಕೇ ಎರಡನೇ ಸಲ ಹೊರಡುವಾಗ ಒಂದು ಚೀಟಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಪ್ಲಾಸ್ಟಿಕ್ ಹಾಕಿಸಿ ಕಾಕಾನ ಅಂಗಿಯ ಜೇಬಿಗೆ ಕೊಟ್ಟಿದ್ದೆವು. ಬರೆದದ್ದನ್ನು ನಮ್ಮ ಡಾಕ್ಟರಿಗೂ ತೋರಿಸಿದ್ದೆವು. ಅದರಲ್ಲಿದ್ದದ್ದು ಇಷ್ಟು:

ಇವರು ಕೀಮೋಥೆರಪಿಯಲ್ಲಿರುವ ರೋಗಿ. ಕೊನೆಯ ಕೀಮೋ ದಿನಾಂಕ ಇಂಥದು. ಕೊಟ್ಟ ಔಷಧಗಳು ಇಂಥವು. ಪೆಗ್ ಹಾಕಿದ ದಿನಾಂಕ ಇಂಥದು.

ಏಳರಿಂದ ಹದಿನಾಲ್ಕನೇ ದಿನ, ಅಂದರೆ ಈ ತಾರೀಖಿನಿಂದ ಈ ತಾರೀಖಿನವರೆಗೆ, ಹೆಚ್ಚು ಎಚ್ಚರ. ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆಯಿರಿ.

ಜ್ವರ ಒಮ್ಮೆ 101 ಮುಟ್ಟಿದರೆ, ಅಥವಾ 100.4 ಒಂದು ಗಂಟೆ ನಿಂತರೆ, ಅಥವಾ ಜ್ವರವಿಲ್ಲದೆಯೂ ಚಳಿ-ನಡುಕ ಬಂದರೆ ಮಾತ್ರೆ ಕೊಟ್ಟು ಕಾಯಬೇಡಿ. ರಾತ್ರಿಯಾದರೂ ಹೊರಡಿ.

ಹೋಗಬೇಕಾದ ಆಸ್ಪತ್ರೆ ಇದು. ಗಾಡಿಯವರ ನಂಬರು ಇದು. ಮುಂಬಯಿ ಆಸ್ಪತ್ರೆಯ ಎಮರ್ಜೆನ್ಸಿ ನಂಬರು ಇದು.

ಡಾಕ್ಟರರಿಗೆ ವಿನಂತಿ: ಸಿಬಿಸಿ ಮತ್ತು ರಕ್ತದ ಕಲ್ಚರ್ ಕಳಿಸಿ, ವರದಿಗೆ ಕಾಯದೆ ಒಂದು ಗಂಟೆಯೊಳಗೆ ಸಲೈನ್ ಮೂಲಕ ಆ್ಯಂಟಿಬಯೋಟಿಕ್ ಶುರುಮಾಡಿ.

ತಾರೀಖುಗಳನ್ನು ಮಾತ್ರ ಪ್ರತಿ ಕೀಮೋಗೂ ಬದಲಿಸಬೇಕು. ಜೊತೆಗೆ ಒಂದು ಡಿಜಿಟಲ್ ಥರ್ಮಾಮೀಟರು ಇರಲಿ. ಹಳ್ಳಿಯಿಂದ ಗಾಡಿ ಯಾರದು, ಯಾವ ಆಸ್ಪತ್ರೆ ಎಂಬುದನ್ನು ಜ್ವರ ಬರುವ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಮುಂದಿನ ಸಲ ನಿಮ್ಮ ಮನೆಗೆ ಬಂದ ಊರಿನವರನ್ನು ರೈಲು ಹತ್ತಿಸುವಾಗ ಬುತ್ತಿಯ ಗಂಟಿನ ಜೊತೆ ಈ ಚೀಟಿಯನ್ನೂ ಕೊಡಿ.